ಪಾತಾಳಣ್ಣ

ನನ್ನ ತಮ್ಮನ ಹಾಡಿಗೆ ಅರ್ಥವೇನು ಎಂದು ಕೇಳಿಕೊಂಡು ನಮ್ಮ ಲಾಂಡ್ರಿಗೆ ಬರುವವರು ಒಗೆಯಲು ಒಂದು ಅಂಗಿಯನ್ನಾದರೂ ತರಬೇಕು ಎಂಬುದು ನಾನೇ ಮಾಡಿದ ನಿಯಮ. ಬರಿಗೈಯಲ್ಲಿ ಬಂದವರಿಗೆ ನಾನು ಅರ್ಥ ಹೇಳುವುದಿಲ್ಲ. ಅಂಗಿ ತಂದವರಿಗೂ ಹೇಳುವುದಿಲ್ಲ, ಆದರೆ ಅವರ ಅಂಗಿಯಾದರೂ ಚೊಕ್ಕಟವಾಗುತ್ತದೆ.

ಬರುವ ಅಂಗಿಗಳೆಲ್ಲ ಕಪ್ಪು. ಎದೆಯ ಮೇಲೆ ತಲೆಬುರುಡೆ, ಬೆನ್ನ ಮೇಲೆ ಬೆಂಕಿ, ಜೇಬಿನಲ್ಲಿ ನೆಗಡಿಯ ಮಾತ್ರೆ. ತೊಟ್ಟವರು ಮಾತ್ರ ಬೆಣ್ಣೆಯಂಥವರು. “ಅಕ್ಕಾ, ಬಣ್ಣ ಹೋಗಲ್ಲ ತಾನೇ?” ಎಂದು ಬಾಗಿಲ ತನಕ ಹೋಗಿ ವಾಪಸ್ ಬಂದು ಕೇಳುತ್ತಾರೆ. ಇವರೆಲ್ಲರ ಆರಾಧ್ಯದೈವ ನನ್ನ ತಮ್ಮ. ‘ತುಕ್ಕು’ ಎಂಬ ಹೆವಿ ಮೆಟಲ್ ತಂಡದಲ್ಲಿ ಗಿಟಾರ್ ನುಡಿಸುತ್ತಾ ಗಂಟಲು ಹರಿಯುವಂತೆ ಹಾಡುತ್ತಾನೆ. ಅಭಿಮಾನಿಗಳು ಅವನನ್ನು ಗುಡುಗಪ್ಪ ಎನ್ನುತ್ತಾರೆ. ಜಿರಲೆ ಕಂಡರೆ ಕುರ್ಚಿ ಹತ್ತುವ ಗುಡುಗಪ್ಪ.

ತಂಡಕ್ಕೆ ಹೆಸರು ತಂದ ಹಾಡು ‘ಉಕ್ಕಿನ ಹೊಟ್ಟೆ’. ಬಿಳಿಯ ದೇಹಗಳನ್ನು ನುಂಗುವ, ಕುದಿಯುವ ನೀರು ಕುಡಿಯುವ, ಎಷ್ಟು ತಿಂದರೂ ತೃಪ್ತಿಯಾಗದ ಒಂದು ಹೊಟ್ಟೆಯ ಬಗ್ಗೆ ಅದು. ಕಾಲೇಜಿನ ಉಪನ್ಯಾಸಕರೊಬ್ಬರು ಆ ಹೊಟ್ಟೆ ಎಂದರೆ ಕಾಲ ಎಂದರು. ಪಕ್ಕದ ಬೀದಿಯ ಕ್ಷೌರಿಕ ಅದು ಯುದ್ಧ ಎಂದ. ಕೂದಲಿಗೆ ನೇರಳೆ ಬಣ್ಣ ಬಳಿದ ಹುಡುಗಿಯೊಬ್ಬಳು ಅದು ಮದುವೆ ಎಂದು ಹೇಳಿ, ಜತೆಗೆ ಬಂದವನ ಮುಖ ನೋಡಿದಳು. ನಾನು ಎಲ್ಲರಿಗೂ “ಇರಬಹುದು, ಇರಬಹುದು” ಎಂದು ರಸೀದಿ ಹರಿದು ಕೊಟ್ಟೆ.

ಆದರೆ ಒಂದು ವಿಷಯದಲ್ಲಿ ಎಲ್ಲರೂ ಒಂದೇ. ಹಾಡಿನ ಕೊನೆಯ ಹತ್ತಿರ ವಾದ್ಯಗಳೆಲ್ಲ ಒಮ್ಮೆಲೇ ನಿಲ್ಲುತ್ತವೆ. ಆಗ ಎಲ್ಲೋ ತಳದಿಂದ ಇನ್ನೊಂದು ದನಿ ಬರುತ್ತದೆ. ನನ್ನ ತಮ್ಮನದಲ್ಲ, ಅದರ ಮುಂದೆ ಅವನದು ಕುರಿಮರಿ. “ಬಾಗಿಲು ತೆಗೀಬೇಡ. ಇನ್ನೂ ತಿರುಗ್ತಾ ಇದೆ,” ಎನ್ನುತ್ತದೆ ಆ ದನಿ. ಕೇಳಿದವರ ಮೈಮೇಲಿನ ಕೂದಲು ನಿಮಿರುತ್ತದೆ. ಆ ದನಿಯವನಿಗೆ ಅಭಿಮಾನಿಗಳು ಇಟ್ಟ ಹೆಸರು ಪಾತಾಳಣ್ಣ. ಅವನು ಜೈಲಿನ ಕಾವಲುಗಾರನಾಗಿದ್ದನಂತೆ, ಹಾಡಿದ ಮೇಲೆ ಊರು ಬಿಟ್ಟನಂತೆ, ಸತ್ತೇ ಹೋದನಂತೆ. ಕಾರ್ಯಕ್ರಮಗಳಲ್ಲಿ ಅವನು ಒಮ್ಮೆಯೂ ವೇದಿಕೆ ಹತ್ತಿಲ್ಲ. ಆ ಜಾಗ ಬಂದಾಗ ದೀಪವೆಲ್ಲ ಆರಿಸಿ, ಮುದ್ರಿಸಿಟ್ಟ ದನಿಯನ್ನು ಬಿಡುತ್ತಾರೆ.

ಪಾತಾಳಣ್ಣ ನಮ್ಮ ಅಮ್ಮ.

ಇದನ್ನು ನಂಬಬೇಕಾದರೆ ಲಾಂಡ್ರಿಯ ಒಳಕೋಣೆಯಲ್ಲಿ ಒಂದು ಸಲ ನಿಲ್ಲಬೇಕು. ಅಲ್ಲಿ ಒಂದು ಹಳೆಯ ದೊಡ್ಡ ಒಗೆಯುವ ಯಂತ್ರವಿದೆ. ಹೋಟೆಲ್ಲಿನ, ಆಸ್ಪತ್ರೆಯ ಹೊದಿಕೆಗಳು ಹೋಗುವುದು ಅದರ ಹೊಟ್ಟೆಗೇ. ನಾವು ಅದನ್ನು ದೊಡ್ಡಮ್ಮ ಎನ್ನುತ್ತೇವೆ. ಒಬ್ಬರೇ ತಬ್ಬಲಾಗದ ಮೈ, ಗಳಿಗೆಗೊಂದು ಮುನಿಸು, ಎಲ್ಲರೂ ತನ್ನ ಸುತ್ತಲೇ ಓಡಾಡಬೇಕೆಂಬ ಹಠ. ದೊಡ್ಡಮ್ಮ ಬಟ್ಟೆ ಹಿಂಡಲು ಶುರು ಮಾಡಿದರೆ ಗೋಡೆಯ ಕ್ಯಾಲೆಂಡರ್ ಕುಣಿಯುತ್ತದೆ, ಸಿಳ್ಳಿನಂಥ ಸದ್ದು ಕೋಣೆಯನ್ನು ತುಂಬುತ್ತದೆ. ಆ ಹೊತ್ತಿನಲ್ಲಿ ಕಿರುಚಿ ಪ್ರಯೋಜನವಿಲ್ಲ. ಕಿರುಚಾಟ ಸಿಳ್ಳಿನೊಳಗೆ ಕಲಸಿಹೋಗುತ್ತದೆ. ಕೆಲಸಕ್ಕೆ ಸೇರಿದವರಿಗೆಲ್ಲ ಅಮ್ಮ ಮೊದಲ ದಿನ ಕಲಿಸುವುದು ಬಟ್ಟೆ ಮಡಿಸುವುದನ್ನಲ್ಲ, ಮಾತಾಡುವುದನ್ನು. “ಗಂಟಲಲ್ಲಿ ಕೂಗಬೇಡಿ. ಹೊಟ್ಟೆಯಿಂದ, ಕೆಳಗಿಂದ ಮಾತಾಡಿ.” ಹಾಗೆ ತಗ್ಗಿಸಿ ಆಡಿದ ಮಾತು ಬಾಗಿಲ ಸಂದಿಯಲ್ಲಿ ನೀರು ನುಸುಳಿದ ಹಾಗೆ ಸದ್ದಿನ ಅಡಿಯಿಂದ ಬಂದು ಕಿವಿ ಮುಟ್ಟುತ್ತದೆ. ನಾವೆಲ್ಲ ಕಲಿತೆವು. ಆದರೆ ಅಮ್ಮನ ಹಾಗೆ ಯಾರಿಗೂ ಬರಲಿಲ್ಲ. ಅವಳು ಬೀದಿಯಲ್ಲಿ “ಟೊಮೆಟೊ ಹೇಗೆ?” ಎಂದು ಕೇಳಿದರೆ ತರಕಾರಿಯವಳು ಒಳ್ಳೆಯವನ್ನೇ ಆರಿಸಿ ಕೊಡುತ್ತಿದ್ದಳು.

ಈ ದನಿಗೆ ಒಂದು ಹಿಂದಿನ ಕಥೆಯಿದೆ. ಅಮ್ಮನ ಬಲಗೈ ಮಣಿಕಟ್ಟು ಸೊಟ್ಟ. ಮದುವೆಗೆ ಮುಂಚೆ ಬೇರೆ ಯಾರದೋ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಾಗ, ಮೋಟಾರಿನ ಸದ್ದು ನಿಂತಿತೆಂದು ಯಂತ್ರದ ಬಾಗಿಲು ತೆಗೆದು ಕೈ ಹಾಕಿದ್ದಳು. ಮೋಟಾರು ನಿಂತರೂ ಒದ್ದೆ ಬಟ್ಟೆಯ ಭಾರಕ್ಕೆ ಒಳಗಿನ ಪೀಪಾಯಿ ಸದ್ದಿಲ್ಲದೆ ಸುತ್ತುತ್ತಲೇ ಇರುತ್ತದೆ. “ಸದ್ದು ನಿಂತರೆ ಎಲ್ಲ ನಿಂತಿತು ಅಂತಲ್ಲ,” ಎಂದು ಅವಳು ಈಗಲೂ ಹೇಳುತ್ತಾಳೆ. ನಮ್ಮ ದೊಡ್ಡಮ್ಮನ ಬಾಗಿಲಿಗೆ ಬೀಗ ಹಾಕಿಸಿ ನೋಡಿದೆವು. ಹಬೆ ತಿಂದು ಹಾಕಿತು. ಮತ್ತೆ ಹಾಕಿಸಿದೆವು; ಅದನ್ನೂ ತಿಂದಿತು. ಕೊನೆಗೆ ಅಮ್ಮನೇ ಬೀಗವಾದಳು. ಯಂತ್ರದ ಎದುರಿನ ಕಂಬದ ಪಕ್ಕ ಸ್ಟೂಲು ಹಾಕಿಕೊಂಡು, ಬಾಗಿಲ ಗಾಜಿನ ಮೇಲೆ ಕಣ್ಣಿಟ್ಟು ಕೂರುತ್ತಿದ್ದಳು. ಯಾರಾದರೂ ಆತುರಪಟ್ಟು ಹಿಡಿಗೆ ಕೈ ಹಾಕಿದರೆ ಆ ದನಿ ಬರುತ್ತಿತ್ತು, ಕೈ ತಾನಾಗಿ ಹಿಂದೆ ಬರುತ್ತಿತ್ತು. ನಮ್ಮಲ್ಲಿ ಇವತ್ತಿನವರೆಗೆ ಒಬ್ಬರ ಉಗುರೂ ಹೋಗಿಲ್ಲ. ಅಮ್ಮನಿಗೆ ಬಂಗಾರದ ಬಗ್ಗೆ ಹೆಮ್ಮೆಯಿಲ್ಲ, ಮಕ್ಕಳ ಬಗ್ಗೆ ಅಷ್ಟಕ್ಕಷ್ಟೆ, ಇದರ ಬಗ್ಗೆ ಬೆಟ್ಟದಷ್ಟು.

ಈಗ ಹಾಡಿಗೆ ಬರುತ್ತೇನೆ. ಉಕ್ಕಿನ ಹೊಟ್ಟೆ ಯಾವುದು ಎಂದು ನಿಮಗೆ ಆಗಲೇ ತಿಳಿದಿರಬೇಕು. ಬಿಳಿಯ ದೇಹಗಳು ಹೋಟೆಲ್ಲಿನ ಹೊದಿಕೆಗಳು. ಗುಡುಗಪ್ಪ ಹುಟ್ಟಿದಾಗಿನಿಂದ ಕಂಡಿದ್ದೇ ಅದು, ಇನ್ನೇನು ಬರೆದಾನು? ಹಾಡಿನೊಳಗೆ ದೊಡ್ಡಮ್ಮನ ಸದ್ದೂ ಇರಬೇಕೆಂದು ತಂಡದವರು ಒಂದು ರಜೆಯ ದಿನ ಮೈಕುಗಳನ್ನು ಹೊತ್ತು ಲಾಂಡ್ರಿಗೇ ಬಂದರು. ಆಸ್ಪತ್ರೆಯ ಹೊದಿಕೆಗಳು ತುರ್ತಾಗಿ ಬೇಕಿದ್ದುದರಿಂದ ಅಮ್ಮನೂ ಬಂದಿದ್ದಳು. “ನಿಮ್ಮ ಪಾಡಿಗೆ ನೀವು ಅರಚ್ಕೊಳ್ಳಿ, ನನ್ನ ಪಾಡಿಗೆ ನಾನಿರ್ತೀನಿ,” ಎಂದು ಸ್ಟೂಲಿನ ಮೇಲೆ ಕೂತಳು.

ಹಾಡು ಏರಿತು. ತಮ್ಮ ಕಣ್ಣು ಮುಚ್ಚಿ, ನಡುಗುವ ಯಂತ್ರಕ್ಕೆ ಮೈಯೊರಗಿಸಿ ಹಾಡುತ್ತಿದ್ದ. ವಾದ್ಯಗಳು ನಿಲ್ಲಬೇಕಾದ ಜಾಗ ಬಂತು, ನಿಂತವು. ಅದೇ ಹೊತ್ತಿಗೆ ದೊಡ್ಡಮ್ಮನ ಮೋಟಾರೂ ನಿಂತಿತು. ತನ್ಮಯನಾಗಿದ್ದ ನಮ್ಮ ಕಲಾವಿದ ಆವೇಶದಲ್ಲಿ ಹಿಡಿಯನ್ನು ಹಿಡಿದು ಬಾಗಿಲನ್ನು ಅರ್ಧ ಎಳೆದೇ ಬಿಟ್ಟಿದ್ದ. ಆಗ ಕಂಬದ ಕಡೆಯಿಂದ ಬಂತು ದನಿ. ತಮ್ಮನ ಕೈ ಹಿಂದೆ ಹಾರಿತು. ಗಿಟಾರ್ ನುಡಿಸುವ ಕೈ. ಅಮ್ಮ “ಕಣ್ಣು ಮುಚ್ಕೊಂಡು ಹಾಡೋದು ಯಾವ ಸೀಮೆ ಪದ್ಧತಿ?” ಎಂದು ಗೊಣಗುತ್ತಾ ಬುಟ್ಟಿ ತರಲು ಹಿತ್ತಿಲಿಗೆ ಹೋದಳು.

ಆಮೇಲೆ ಅವರು ಮುದ್ರಿಸಿದ್ದನ್ನು ಹಾಕಿ ಕೇಳಿದರು. ಡ್ರಮ್ಮು ಬಾರಿಸುವವನು ಎರಡು ಕೈಯಲ್ಲೂ ತಲೆ ಹಿಡಿದುಕೊಂಡ. “ಇಂಥ ದನಿ ನಾವು ಏಳು ಜನ್ಮ ಎತ್ತಿದ್ರೂ ಬರಲ್ಲ. ಇದು ಇರ್ಲಿ.” ನಡುವೆ ಇದ್ದ ಒಂದೇ ಒಂದು ಪದವನ್ನು ಮಾತ್ರ ಕತ್ತರಿಸಿ ತೆಗೆದ. ಆ ಪದ ಇದ್ದರೆ ನಾಯಿಮರಿಯೂ ಹೆದರುವುದಿಲ್ಲ ಎಂಬುದು ಅವನ ವಾದ.

ಹಾಡು ಹೊರಗೆ ಬಂದ ಮೇಲೆ ಅಮ್ಮನನ್ನು ಕೂರಿಸಿ ಕೇಳಿಸಿ, ಅಚ್ಚರಿಪಡಿಸಬೇಕು ಎಂಬುದು ತಮ್ಮನ ಲೆಕ್ಕ. ಆದರೆ ಅವಳು ಮೊದಲು ಕೇಳಿದ್ದು ಚಪ್ಪಲಿ ಅಂಗಡಿಯ ರೇಡಿಯೊದಲ್ಲಿ. ಕೊಂಡ ಚಪ್ಪಲಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು.

“ಯಾರೋ ಅವನು?”

“ಯಾರಮ್ಮ?”

“ಕೊನೇಲಿ ಊಳಿಡ್ತಾನಲ್ಲ, ಅವನು. ನೀನು ಹಾಡೋದು ಹಾಳಾಗ್ಲಿ, ಹೆತ್ತ ಕರ್ಮಕ್ಕೆ ಸಹಿಸ್ಕೋತೀನಿ. ಆ ಮನುಷ್ಯ ಯಾರು? ಕುಡೀತಾನಾ? ಆ ದನಿ ಕೇಳಿದ್ರೇ ಗೊತ್ತಾಗುತ್ತೆ, ಮನೆ ಮಠ ಇಲ್ಲ ಅವನಿಗೆ.”

ತಮ್ಮ ನನ್ನ ಮುಖ ನೋಡಿದ. ನನ್ನ ಬಾಯಲ್ಲಿ ನೀರಿತ್ತು; ಅದು ಮೂಗಿನಿಂದ ಬಂತು. ತನ್ನ ದನಿಯನ್ನು ಹೊರಗಿನಿಂದ ಕೇಳಿದರೆ ಯಾರಿಗೂ ಗುರುತು ಸಿಗುವುದಿಲ್ಲ ಎನ್ನುತ್ತಾರೆ, ನಿಜ. ಜತೆಗೆ ಅಮ್ಮ ಮಾತುಗಳನ್ನು ಕೇಳಿಸಿಕೊಂಡೇ ಇರಲಿಲ್ಲ. ಮೊದಲ ಗುಟುರಿಗೇ ಕಿವಿ ಮುಚ್ಚಿ ಎದ್ದು ಬಂದಿದ್ದಳು. ಅಪ್ಪನ ಕಥೆಯೇ ಬೇರೆ. ಬಟ್ಟೆ ತಲುಪಿಸುವ ವ್ಯಾನಿನಲ್ಲಿ ನಾನು ಹಾಡು ಹಾಕಿದಾಗ ಅವರು ರಸ್ತೆಯ ನಡುವೆ ಗಕ್ಕನೆ ಗಾಡಿ ನಿಲ್ಲಿಸಿದರು. “ನಿಮ್ಮಮ್ಮ ಕಣೇ. ನನ್ನ ಕಾಲು ತಾನಾಗೇ ಬ್ರೇಕ್ ಮೇಲೆ ಹೋಯ್ತು,” ಎಂದರು. ಸಂಸಾರ ಮಾಡಿದ ಕಾಲು ಸುಳ್ಳು ಹೇಳುವುದಿಲ್ಲ.

ಅವತ್ತೇ ಹೇಳಿಬಿಡಬಹುದಿತ್ತು. ಆದರೆ ಅಮ್ಮ ಬೈಯುವುದರಲ್ಲಿ ಎಷ್ಟು ದೂರ ಹೋಗಿದ್ದಳೆಂದರೆ, ಈಗ ಹೇಳಿದರೆ ಅವಳಿಗೆ ವಾಪಸ್ ಬರಲು ದಾರಿಯಿರಲಿಲ್ಲ. ಮರುದಿನ ಇನ್ನಷ್ಟು ಬೈದಳು, ದಾರಿ ಇನ್ನಷ್ಟು ಉದ್ದವಾಯಿತು. ಬಾಯಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವಳೂ ಒಂದು ಆಣೆ ಹಾಕಿದಳು. “ಅವನು ನಿನ್ನ ತಂಡ ಬಿಟ್ಟ ದಿನ ನಾನು ಬಂದು ನಿನ್ನ ಹಾಡು ಕೇಳ್ತೀನಿ. ಅಲ್ಲಿ ತನಕ ಕರೀಬೇಡ.” ತಮ್ಮ ಎಷ್ಟು ಊರುಗಳಲ್ಲಿ ಹಾಡಿದನೋ, ಎಲ್ಲ ಕಡೆಯೂ ಮುಂದಿನ ಸಾಲಿನಲ್ಲಿ ಅವಳ ಕುರ್ಚಿ ಖಾಲಿ, ಅವಳ ದನಿ ಮಾತ್ರ ಹಾಜರು.

ಹೀಗಿರುವಾಗ ಅಮ್ಮನ ಗಂಟಲು ಕಟ್ಟಿತು. ಮೊದಲು ನೆಗಡಿ ಎಂದಳು, ಆಮೇಲೆ ಹಬೆ ಎಂದಳು. ಡಾಕ್ಟರು ಒಳಗೆ ನಳಿಗೆ ಇಳಿಸಿ ನೋಡಿ, ದನಿಯ ತಂತಿಯ ಮೇಲೆ ಗಂಟಿದೆ, ತೆಗೆಯಬೇಕು ಎಂದರು. ಪ್ರಾಣಕ್ಕೆ ಭಯವಿಲ್ಲ, ಆದರೆ ಮೊದಲಿನ ದನಿ ಮರಳುತ್ತದೆ ಎಂದು ಮಾತು ಕೊಡಲಾರೆ ಎಂದರು. ಅಮ್ಮ ಹೊರಗೆ ಬಂದು, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸೊಟ್ಟ ಮಣಿಕಟ್ಟನ್ನು ಉಜ್ಜಿಕೊಂಡಳು. “ನಾನು ಕೂಗದೆ ಇದ್ರೆ ಯಾರದ್ದಾದ್ರೂ ಕೈ ಹೋಗುತ್ತಲ್ಲೇ,” ಎಂದಳು. ಅವಳು ಹೆದರಿದ್ದನ್ನು ನಾನು ಅವತ್ತು ಮೊದಲ ಸಲ ನೋಡಿದೆ.

ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದೆವು. ಇವತ್ತು ಹೇಳಿಯೇ ಬಿಡುತ್ತೇನೆ ಎಂದು ತಮ್ಮ ನನಗೆ ಸನ್ನೆ ಮಾಡಿ, ಗಂಟಲು ಸರಿಮಾಡಿಕೊಂಡ.

“ಅಮ್ಮಾ, ಆ ಪಾತಾಳಣ್ಣ ಇದ್ದಾನಲ್ಲ...”

“ನಾನೂ ಅದೇ ಹೇಳೋಣ ಅಂತಿದ್ದೆ,” ಎಂದು ಅಮ್ಮ ತಟ್ಟೆ ಸರಿಸಿದಳು. ದನಿ ಒಡೆದಿತ್ತು, ಆದರೂ ತಳ ಇತ್ತು. “ನಾಳೆ ಮೇಲೆ ನಾನು ಮಾತಾಡ್ತೀನೋ ಇಲ್ವೋ. ಒಂದು ಮಾತು ಕೊಡು. ಅವನ ಸಹವಾಸ ಬಿಡ್ತೀನಿ ಅಂತ.”

“ಆಗಲ್ಲಮ್ಮ.”

“ಯಾಕಾಗಲ್ಲ?”

“ಅವನಿಲ್ಲದೆ ನಾನಿಲ್ಲಮ್ಮ. ಬೇರೆ ಏನು ಬೇಕಾದ್ರೂ ಕೇಳು.”

ಅಮ್ಮನ ಕಣ್ಣು ತುಂಬಿತು. “ಹೆತ್ತ ತಾಯಿಗಿಂತ ಅವನೇ ಹೆಚ್ಚಾದ್ನಾ?”

ಅಪ್ಪ ಕೆಮ್ಮಿದರು. ನಾನು ನಗು ತಡೆಯಲು ಕೆನ್ನೆ ಕಚ್ಚಿಕೊಂಡೆ, ಅದೇ ಹೊತ್ತಿಗೆ ಅಳುವೂ ಬಂತು, ಎರಡೂ ಸೇರಿ ಬಿಕ್ಕಳಿಕೆಯಾಯಿತು. ತಮ್ಮ ಬಾಯಿ ತೆರೆದ. ಆದರೆ ಎದುರಿಗೆ ಕೂತವಳು ಅಳುತ್ತಿರುವಾಗ ‘ನೀನು ಬೈದದ್ದೆಲ್ಲ ನಿನಗೇ’ ಎಂದು ಹೇಳಲು ಎಂಥ ಗುಡುಗಪ್ಪನಿಗೂ ಧೈರ್ಯ ಬರುವುದಿಲ್ಲ. “ಹಾಳಾಗಿ ಹೋಗ್ಲಿ ಅವನು,” ಎಂದು ಅಮ್ಮ ಎದ್ದು ಹೋದಳು. ತನ್ನ ದನಿಯಲ್ಲಿ ಅವಳು ಆಡಿದ ಕೊನೆಯ ಮಾತು ಅದು, ತನಗೇ ಹಾಕಿಕೊಂಡ ಶಾಪ.

ಗಂಟು ಹೋಯಿತು, ಕೆಟ್ಟದ್ದೇನೂ ಇರಲಿಲ್ಲ. ಕೆಲವು ವಾರ ತುಟಿ ಬಿಚ್ಚಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಮೊದಮೊದಲು ಮನೆಯಲ್ಲಿ ಹಬ್ಬದ ವಾತಾವರಣ. ಅಪ್ಪ ಸಕ್ಕರೆ ಡಬ್ಬಿಯ ಹತ್ತಿರ ನಿರ್ಭಯವಾಗಿ ಓಡಾಡಿದರು. ಕ್ರಮೇಣ ಯಾರಿಗೂ ಊಟ ಸೇರದಾಯಿತು. ಬೈಗುಳವಿಲ್ಲದ ಮನೆಯಲ್ಲಿ ಯಾರು ಎಲ್ಲಿದ್ದಾರೆಂದೇ ತಿಳಿಯುತ್ತಿರಲಿಲ್ಲ. ಗಡುವು ಮುಗಿದು ಅಮ್ಮ ಬಾಯಿ ತೆರೆದಾಗ ಹೊರಬಂದದ್ದು ನೂಲಿನೆಳೆಯಂಥ ಸಣ್ಣ ದನಿ. ಅಪ್ಪ “ಬರುತ್ತೆ, ನಿಧಾನಕ್ಕೆ ಬರುತ್ತೆ,” ಎಂದು ಗೋಡೆ ನೋಡಿಕೊಂಡು ಹೇಳಿದರು.

ಅಂಥ ದನಿಯನ್ನೇ ಹೊತ್ತು ಅಮ್ಮ ಲಾಂಡ್ರಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಅಲ್ಲಿಯವರೆಗೆ ಅವಳಿಲ್ಲದೆ ನಾವು ದೊಡ್ಡಮ್ಮನನ್ನು ಓಡಿಸಿರಲಿಲ್ಲ. ಅವತ್ತು ಇಸ್ತ್ರಿ ಮಾಡುವವನಿಗೆ ಏನೋ ಅವಸರ. ಅವನು ನಮ್ಮಲ್ಲಿ ಹೊಸಬನೇನಲ್ಲ. ದಿನಾ ಅಮ್ಮನ ದನಿಗೆ ಕಾದು ಕಾದು, ದನಿ ಬರದಿದ್ದರೆ ತೆಗೆಯಬಹುದು ಎಂದು ಅವನ ಕೈ ಕಲಿತುಬಿಟ್ಟಿತ್ತು. ಮೋಟಾರು ನಿಂತಿತು. ಅವನು ಒಂದು ಗಳಿಗೆ ಕಾದ. ದನಿ ಬರಲಿಲ್ಲ. ಬಾಗಿಲು ಎಳೆದು ಕೈ ಮುಂದೆ ಚಾಚಿದ. ಅಮ್ಮನ ಬಾಯಿ ತೆರೆದಿತ್ತು, ಕತ್ತಿನ ನರ ಉಬ್ಬಿತ್ತು, ಸದ್ದು ಮಾತ್ರ ಇರಲಿಲ್ಲ. ಕೈಗೆ ಸಿಕ್ಕ ಸೋಪಿನ ಪುಡಿಯ ಮಗ್ಗನ್ನು ಬೀಸಿ ಒಗೆದಳು. ಅದು ಅವನ ಬೆನ್ನಿಗೆ ಬಿತ್ತು, ಅವನು ಹಿಂದೆ ತಿರುಗಿದ, ಕೈ ಉಳಿಯಿತು. ಅಡಿಯಿಂದ ಮುಡಿಯವರೆಗೆ ಬೆಳ್ಳಗಾಗಿ ನಿಂತ ಅವನನ್ನು ನೋಡಿ ನಾವೆಲ್ಲ ನಕ್ಕೆವು.

ಅಮ್ಮ ನಗಲಿಲ್ಲ. ಸ್ಟೂಲನ್ನು ಎತ್ತಿ ಮೂಲೆಗಿಟ್ಟು ಮನೆಗೆ ನಡೆದಳು. ಮರುದಿನ ಬರಲಿಲ್ಲ, ಅದರ ಮರುದಿನವೂ. ನಾನು ಹೋಗಿ ಪಕ್ಕದಲ್ಲಿ ಕೂತಾಗ ಪಿಸುಗುಟ್ಟಿದಳು: “ಮೂಕಿ ಅಲ್ಲಿ ಕೂತು ಏನು ಮಾಡ್ಲಿ? ಬಾಗಿಲು ಹಾಕಿಬಿಡಿ. ಯಾರದ್ದೋ ಕೈ ಹೋಗೋದಕ್ಕಿಂತ ಅದು ವಾಸಿ.” ಲಾಂಡ್ರಿ ಮುಚ್ಚುವ ಮಾತನ್ನು ಅವಳ ಬಾಯಲ್ಲಿ ಕೇಳುತ್ತೇನೆಂದು ನಾನು ಎಣಿಸಿರಲಿಲ್ಲ. ಹೊರಗೆ ಬಂದು ತಮ್ಮನಿಗೆ ಹೇಳಿದೆ. ಅವನು ಡ್ರಮ್ಮಿನವನ ಮನೆಗೆ ಓಡಿದ.

ಅದಾದ ಎರಡನೆಯ ದಿನ ಬೆಳಿಗ್ಗೆ ಲಾಂಡ್ರಿಯ ಸೂರಿನಿಂದ ಒಂದು ದೊಡ್ಡ ಸ್ಪೀಕರ್ ಇಳಿಬಿದ್ದಿತ್ತು. ಅದರ ತಂತಿ ಕಂಬದ ಮೇಲೆ ಇಳಿದು ಬಂದು, ಕೂತವರ ಕೈಗೆ ಎಟಕುವಷ್ಟು ಎತ್ತರದಲ್ಲಿ, ಮನೆಬಾಗಿಲ ಕರೆಗಂಟೆಗೆ ಹಾಕುವಂಥ ಒಂದು ಸ್ವಿಚ್ಚಿನಲ್ಲಿ ಮುಗಿದಿತ್ತು. ತಮ್ಮ ಮೂಲೆಯ ಸ್ಟೂಲನ್ನು ಒರೆಸಿ ಕಂಬದ ಪಕ್ಕಕ್ಕೆ ತಂದಿಟ್ಟ. ಅಪ್ಪ ವ್ಯಾನಿನಲ್ಲಿ ಅಮ್ಮನನ್ನು ಕರೆತಂದರು. ಬಟ್ಟೆಯ ಲೆಕ್ಕ ತಪ್ಪಿದೆ ಎಂದು ಸುಳ್ಳು ಹೇಳಿದ್ದರಿಂದ ಅವಳು ಬಂದಳು, ಇಲ್ಲದಿದ್ದರೆ ಬರುತ್ತಿರಲಿಲ್ಲ.

ನಾನು ಅವಳನ್ನು ಸ್ಟೂಲಿನ ಮೇಲೆ ಕೂರಿಸಿದೆ. ದೊಡ್ಡಮ್ಮ ಹಿಂಡುವ ಹಂತದಲ್ಲಿತ್ತು. ಕ್ಯಾಲೆಂಡರ್ ಕುಣಿಯುತ್ತಿತ್ತು. ಮೋಟಾರು ನಿಂತಿತು, ಪೀಪಾಯಿ ಸದ್ದಿಲ್ಲದೆ ಸುತ್ತುತ್ತಿತ್ತು. ತಮ್ಮ ಯಂತ್ರದ ಮುಂದೆ ಹೋಗಿ ನಿಂತು, ಹಿಡಿಯ ಮೇಲೆ ಕೈಯಿಟ್ಟ. ಅಮ್ಮ ಬಾಯಿ ತೆರೆದಳು. ಅವನು ಇನ್ನೊಂದು ಕೈಯಿಂದ ಸ್ವಿಚ್ಚು ತೋರಿಸಿದ. ಅವಳು ಯೋಚಿಸಲೂ ಇಲ್ಲ, ಅಂಗೈಯಿಂದ ಗುದ್ದಿದಳು.

ಸೂರಿನಿಂದ ಪಾತಾಳಣ್ಣ ಗದರಿದ. ಇಸ್ತ್ರಿಯವನು ಎರಡು ಕೈಯನ್ನೂ ತಲೆಯ ಮೇಲೆತ್ತಿದ. ಗಲ್ಲಾದ ಹತ್ತಿರ ಕಪ್ಪು ಅಂಗಿ ಹಿಡಿದು ನಿಂತಿದ್ದ ಗಿರಾಕಿಯೊಬ್ಬ ಅಂಗಿ ಕೆಳಗೆ ಬೀಳಿಸಿದ. ತಮ್ಮ ಹಿಡಿಯಿಂದ ಕೈ ತೆಗೆದು ನಿಂತ.

ಅಮ್ಮ ಸ್ಪೀಕರನ್ನು ನೋಡಿದಳು, ಮಗನನ್ನು ನೋಡಿದಳು. ನೂಲಿನೆಳೆಯ ದನಿಯಲ್ಲಿ, “ಆ ಹಾಳಾದವನನ್ನ ಇಲ್ಲಿಗೂ ಕರ್ಕೊಂಡು ಬಂದ್ಯಾ?” ಎಂದಳು.

“ಬೈಬೇಡಮ್ಮ. ಏನು ಹೇಳ್ತಾನೆ ಅಂತ ಒಂದು ಸಲ ಪೂರ್ತಿ ಕೇಳು.”

ಅವಳು ಒಲ್ಲದ ಮನಸ್ಸಿನಿಂದ ಮತ್ತೆ ಒತ್ತಿದಳು. ಈ ಸಲ ಕಿವಿ ಮುಚ್ಚಿಕೊಳ್ಳಲಿಲ್ಲ. ಡ್ರಮ್ಮಿನವನು ಅಂದು ಕತ್ತರಿಸಿ ತೆಗೆದಿದ್ದ ಪದವನ್ನು ತಮ್ಮ ಹುಡುಕಿ ತಂದು, ಇದ್ದ ಜಾಗಕ್ಕೇ ಸೇರಿಸಿದ್ದ.

“ಬಾಗಿಲು ತೆಗೀಬೇಡ ಪುಟ್ಟಾ. ಇನ್ನೂ ತಿರುಗ್ತಾ ಇದೆ.”

ಗುಡುಗಪ್ಪನನ್ನು ಪುಟ್ಟಾ ಎಂದು ಕರೆಯುವವರು ಪ್ರಪಂಚದಲ್ಲಿ ಒಬ್ಬರೇ. ನಾನು ಕರೆಯುವುದಿಲ್ಲ, ಅಪ್ಪನೂ ಕರೆಯುವುದಿಲ್ಲ. ಅಮ್ಮನ ಕೈ ಸ್ವಿಚ್ಚಿನ ಮೇಲೆಯೇ ಉಳಿಯಿತು. ಅವಳು ಮೂರನೆಯ ಸಲ ಒತ್ತಿದಳು, ಈ ಬಾರಿ ಮೆಲ್ಲಗೆ. ದನಿ ಬಂದಾಗ ಅವಳ ತುಟಿಗಳೂ ಅದರ ಜತೆಗೆ ಆಡಿದವು, ಸದ್ದಿಲ್ಲದೆ. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡಳು, ಹೆಗಲು ಅಲುಗಿತು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ. ನಾನಂತೂ ಅತ್ತೆ, ಮುಚ್ಚುಮರೆಯೇನಿಲ್ಲ.

ತಮ್ಮ ಹೋಗಿ ಅವಳ ಕಾಲ ಹತ್ತಿರ ಕೂತ. ಅವಳು ಸೊಟ್ಟ ಕೈಯಿಂದ ಅವನ ಕೈಯನ್ನು ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳಿದಳು. ಏನು ಹೇಳಿದಳೆಂದು ಆಮೇಲೆ ನಾನು ಅವನನ್ನು ಪೀಡಿಸಿ ಕೇಳಿದೆ.

“ಆ ಹಾಳಾದವನನ್ನ ಬಿಡಬೇಡ ಕಣೋ,” ಎಂದಿದ್ದಳಂತೆ.